5 ಇದ್ದದ್ದು 65 ಆದದ್ದೇಕೆ?

ಕಳೆದ ತಿಂಗಳು ಹಳೆಯ ಪ್ರಾಜೆಕ್ಟೊಂದರ ಸರ್ವರ್ ಕೋಡನ್ನು ಅಚ್ಚುಕಟ್ಟು ಮಾಡುತ್ತಿದ್ದಾಗ, ಕೀಪ್‌ಅಲೈವ್ ಟೈಮ್‌ಔಟ್ (ಸುಮ್ಮನಿರುವ ಸಂಪರ್ಕವನ್ನು ಸರ್ವರ್ ತೆರೆದಿಡುವ ಅವಧಿ) 65 ಸೆಕೆಂಡ್ ಎಂದು ನಿಗದಿಪಡಿಸಿದ್ದ ಸಾಲೊಂದು ಕಣ್ಣಿಗೆ ಬಿತ್ತು. ಕೋಡಿನ ಬದಲಾವಣೆಗಳ ಇತಿಹಾಸ ಕಾಯುವ ಗಿಟ್‌ನಲ್ಲಿ, ಯಾವ ಸಾಲನ್ನು ಯಾರು ಬದಲಿಸಿದರೆಂದು ತೋರಿಸುವ ‘ಬ್ಲೇಮ್’ ಕೊಟ್ಟು ನೋಡಿದರೆ, ಎರಡು ವರ್ಷಗಳ ಹಿಂದೆ ಅದನ್ನು 5ರಿಂದ 65ಕ್ಕೆ ಏರಿಸಿದವನು ನಾನೇ. ಕಮಿಟ್ ಮೆಸೇಜ್ (ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವಾಗ, ಅಂದರೆ ಕಮಿಟ್ ಮಾಡುವಾಗ, ಬರೆಯುವ ಟಿಪ್ಪಣಿ) ಮಾತ್ರ ‘ಟೈಮ್‌ಔಟ್ ಫಿಕ್ಸ್’ ಎಂಬ ಎರಡೇ ಪದ. ಯಾವುದೋ ಗಡಿಬಿಡಿಯಲ್ಲಿ ಹಾಕಿದ ಸಂಖ್ಯೆ ಇರಬೇಕೆಂದು ಭಾವಿಸಿ ಮತ್ತೆ 5 ಮಾಡಿ ಮುಖ್ಯ ಕೋಡಿಗೆ ಮರ್ಜ್ ಮಾಡಿದೆ. ಮರುದಿನದಿಂದಲೇ ಆಗೊಮ್ಮೆ ಈಗೊಮ್ಮೆ 502 ಎರರ್ (ಹಿಂದಿರುವ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲ ಎಂಬ ಸೂಚನೆ) ಕಾಣಿಸಿಕೊಳ್ಳತೊಡಗಿತು.

ಕಾರಣ ಪತ್ತೆಯಾಗಲು ಎರಡು ದಿನ ಹಿಡಿಯಿತು. ಬರುವ ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವ ನಮ್ಮ ಲೋಡ್ ಬ್ಯಾಲೆನ್ಸರ್ ಸುಮ್ಮನಿರುವ ಸಂಪರ್ಕವನ್ನೂ 60 ಸೆಕೆಂಡಿನವರೆಗೆ ತೆರೆದಿಟ್ಟುಕೊಂಡು ಮರುಬಳಸುತ್ತದೆ; ಹಿಂದಿರುವ ಸರ್ವರ್ ಅದಕ್ಕಿಂತ ಮೊದಲೇ ಸಂಪರ್ಕವನ್ನು ಮುಚ್ಚಿದರೆ, ಸರಿಯಾಗಿ ಆ ಕ್ಷಣದಲ್ಲಿ ಹೊರಟ ರಿಕ್ವೆಸ್ಟ್‌ಗೆ ಉತ್ತರ ಕೊಡುವವರೇ ಇರುವುದಿಲ್ಲ. ಎರಡು ವರ್ಷಗಳ ಹಿಂದೆ ನಾನು ಇದನ್ನೆಲ್ಲ ಕಂಡುಕೊಂಡಿದ್ದೆ, ಆದರೆ ಬರೆದಿಟ್ಟಿರಲಿಲ್ಲ. 5 ಹೋಗಿ 65 ಬಂದಿದೆ ಎಂಬುದನ್ನು ಡಿಫ್ (ಹಳೆಯ, ಹೊಸ ಕೋಡಿನ ವ್ಯತ್ಯಾಸದ ಪಟ್ಟಿ) ತಾನಾಗಿಯೇ ತೋರಿಸುತ್ತದೆ. ಏಕೆ ಬಂತು ಎಂಬುದಕ್ಕೆ ಮೆಸೇಜ್ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಈ ಬಾರಿ ಹೀಗೆ ಬರೆದೆ:

ಕೀಪ್‌ಅಲೈವ್ ಟೈಮ್‌ಔಟನ್ನು 65 ಸೆಕೆಂಡಿಗೆ ಏರಿಸು

ಲೋಡ್ ಬ್ಯಾಲೆನ್ಸರ್‌ನ ಮಿತಿ 60 ಸೆಕೆಂಡ್. ಸರ್ವರ್ ಅದಕ್ಕಿಂತ ಮೊದಲೇ ಸಂಪರ್ಕ ಮುಚ್ಚಿದರೆ ಬಿಟ್ಟು ಬಿಟ್ಟು 502 ಬರುತ್ತದೆ. ಆ ಮಿತಿ ಬದಲಾದರೆ ಇದೂ ಬದಲಾಗಬೇಕು.

ಮೊದಲ ಸಾಲು ಸುಮಾರು 50 ಅಕ್ಷರಗಳೊಳಗೆ, ಬಳಿಕ ಒಂದು ಖಾಲಿ ಸಾಲು, ಅದರ ಕೆಳಗೆ 72 ಅಕ್ಷರಗಳಿಗೆ ಮುರಿದ ವಿವರಣೆ ಎಂಬ ರೂಢಿ ಗಿಟ್ ಬಳಸುವವರಿಗೆಲ್ಲ ಗೊತ್ತು. ಖಾಲಿ ಸಾಲು ಬರಿಯ ಅಲಂಕಾರವಲ್ಲ: ಅದನ್ನು ಬಿಟ್ಟರೆ ಗಿಟ್ ಇಡೀ ಪ್ಯಾರಾವನ್ನೇ ಶೀರ್ಷಿಕೆಯೆಂದು ತಿಳಿದು, ಕಮಿಟ್‌ಗೊಂದೇ ಸಾಲು ತೋರಿಸುವ ಒನ್‌ಲೈನ್ ಲಾಗ್‌ನಲ್ಲಿ ಎಲ್ಲವನ್ನೂ ಒಂದೇ ಸಾಲಿಗೆ ಸುರಿಯುತ್ತದೆ. ಇನ್ನು ಕ್ರಿಯಾಪದದ ರೂಪ. ‘ಸೇರಿಸಿದೆ’, ‘ಸೇರಿಸಲಾಗಿದೆ’, ‘ಸೇರಿಸುತ್ತಿದ್ದೇನೆ’ ಎಂದು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುವ ಬದಲು ಎಲ್ಲರೂ ‘ಸೇರಿಸು’ ಎಂಬ ವಿಧಿರೂಪಕ್ಕೇ ಅಂಟಿಕೊಳ್ಳುವುದು ಲೇಸು. ಗಿಟ್ ತಾನಾಗಿ ಬರೆಯುವ ಮರ್ಜ್, ರಿವರ್ಟ್ (ಹಿಂದಿನ ಬದಲಾವಣೆಯನ್ನು ರದ್ದುಮಾಡುವ) ಮೆಸೇಜ್‌ಗಳೂ ಇದೇ ಧಾಟಿಯಲ್ಲಿವೆ. ಬದಲಾವಣೆಯ ಬಗೆ ತಿಳಿಸಲು ಶೀರ್ಷಿಕೆಯ ಮುಂದೆ ಹಾಕುವ ಫೀಟ್ (ಹೊಸ ಸೌಲಭ್ಯ), ಫಿಕ್ಸ್ (ದೋಷ ತಿದ್ದುಪಡಿ) ಮುಂತಾದ ಪೂರ್ವಪದಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಅವುಗಳಿಂದ ಚೇಂಜ್‌ಲಾಗನ್ನೋ (ಬದಲಾವಣೆಗಳ ಪಟ್ಟಿ) ವರ್ಷನ್ ಸಂಖ್ಯೆಯನ್ನೋ ತಯಾರಿಸುವ ಟೂಲ್ ಇದ್ದರೆ ಸರಿ, ಇಲ್ಲವಾದರೆ ಇರುವ 50 ಅಕ್ಷರಗಳಲ್ಲಿ ಅವೂ ಪಾಲು ಕೇಳುತ್ತವೆ. ಕೆಲಸ, ದೋಷಗಳನ್ನು ದಾಖಲಿಸುವ ವ್ಯವಸ್ಥೆಯ ಟಿಕೆಟ್ ನಂಬರ್ ಮಾತ್ರ ಬರೆದು ಕೈತೊಳೆದುಕೊಳ್ಳುವುದಂತೂ ಅಪಾಯ, ಏಕೆಂದರೆ ಟಿಕೆಟ್ ವ್ಯವಸ್ಥೆ ಬದಲಾದ ದಿನ ಆ ನಂಬರ್ ಯಾವ ಬಾಗಿಲನ್ನೂ ತೆರೆಯುವುದಿಲ್ಲ.

ಮೆಸೇಜ್ ಬರೆಯಲು ತಿಣುಕಾಡಬೇಕಾಗಿ ಬಂದರೆ ದೋಷ ಹೆಚ್ಚಾಗಿ ಕಮಿಟ್‌ನಲ್ಲೇ ಇರುತ್ತದೆ. ಶೀರ್ಷಿಕೆಯಲ್ಲಿ ‘ಮತ್ತು’ ಎಂಬ ಪದ ನುಸುಳಿದ ಕೂಡಲೇ ನಾನು ನಿಂತು, ಗಿಟ್ ಆ್ಯಡ್‌ಗೆ ‘ಪಿ’ ಆಯ್ಕೆ ಕೊಟ್ಟು ಬದಲಾವಣೆಗಳನ್ನು ತುಂಡುತುಂಡಾಗಿ ಬೇರ್ಪಡಿಸುತ್ತೇನೆ. ಇದರ ಬೆಲೆ ತಿಳಿಯುವುದು ಬೈಸೆಕ್ಟ್ ಮಾಡುವಾಗ, ಅಂದರೆ ಕಮಿಟ್‌ಗಳನ್ನು ಪ್ರತಿ ಸಲ ಅರ್ಧಕ್ಕಿಳಿಸುತ್ತ ಬಗ್ ತಂದ ಕಮಿಟನ್ನು ಹುಡುಕುವಾಗ: ಸಾವಿರ ಕಮಿಟ್‌ಗಳ ನಡುವೆ ಅಡಗಿದ ಬಗ್ ಸುಮಾರು 10 ಹೆಜ್ಜೆಗಳಲ್ಲಿ ಸಿಕ್ಕಿಬೀಳುತ್ತದೆ, ಆದರೆ ಕೊನೆಗೆ ಕೈಗೆ ಬಂದ ಕಮಿಟ್ 40 ಫೈಲ್‌ಗಳನ್ನು ಮುಟ್ಟಿದ ‘ಸಣ್ಣಪುಟ್ಟ ಬದಲಾವಣೆಗಳು’ ಆಗಿದ್ದರೆ ಹುಡುಕಾಟ ಮತ್ತೆ ಮೊದಲಿನಿಂದ ಶುರು.

ಮೆಸೇಜನ್ನು ಕಮಾಂಡ್ ಸಾಲಿನಲ್ಲೇ ಗೀಚುವ ‘ಎಂ’ ಆಯ್ಕೆಯನ್ನು ಈಗ ಬಿಟ್ಟಿದ್ದೇನೆ. ಅದರ ಬದಲು ‘ವಿ’ ಕೊಟ್ಟರೆ ಎಡಿಟರ್ ತೆರೆದುಕೊಂಡು, ಬರೆಯುವ ಜಾಗದ ಕೆಳಗೇ ಇಡೀ ಡಿಫ್ ಕಾಣಿಸುತ್ತದೆ. ಅದನ್ನು ಓದುತ್ತ ಬರೆಯುವಾಗ ಎರಡು ಪದಗಳಿಗೆ ನಿಲ್ಲಿಸಲು ನಾಚಿಕೆಯಾಗುತ್ತದೆ.

ಹಳೆಯ ‘ಟೈಮ್‌ಔಟ್ ಫಿಕ್ಸ್’ ಅನ್ನು ತಿದ್ದಲು ಹೋಗಲಿಲ್ಲ. ತಿದ್ದಿದರೆ ಆ ಕಮಿಟ್‌ನ ಹ್ಯಾಶ್ (ಅದರ ಒಳಗಿನ ವಿಷಯದಿಂದ ಹುಟ್ಟುವ ಗುರುತುಸಂಖ್ಯೆ) ಬದಲಾಗಿ, ಅದರ ಮೇಲೆ ಕಟ್ಟಿದ ಎಲ್ಲ ಕಮಿಟ್‌ಗಳ ಹ್ಯಾಶ್‌ಗಳೂ ಬದಲಾಗುತ್ತವೆ. ಹಾಗಾಗಿ ನನ್ನ ಹೆಸರಿನೊಂದಿಗೆ ಅದು ಲಾಗ್‌ನಲ್ಲಿ ಇದ್ದಲ್ಲೇ ಇದೆ.