ಕೆ.ಎಂ. ಅಲ್ಲ, ಕೆ.ಸಿ.

ಜನವರಿ 28 ಬಂತೆಂದರೆ ಮಡಿಕೇರಿಯ ನಮ್ಮ ಶಾಲೆಯಲ್ಲಿ ಕಾರ್ಯಪ್ಪ ಜಯಂತಿ, ಭಾಷಣ ಸ್ಪರ್ಧೆ. ಎಂಟನೇ ಕ್ಲಾಸಿನಲ್ಲಿ ನಾನೂ ಹೆಸರು ಕೊಟ್ಟೆ. ನಮಗೆಲ್ಲ ಬಾಯಿಪಾಠವಾಗಿದ್ದದ್ದು ಒಂದೇ ಕಥೆ. 1965ರ ಯುದ್ಧದಲ್ಲಿ ಮಗ ಪಾಕಿಸ್ತಾನದ ಸೆರೆಯಾದ, ಬಿಟ್ಟುಬಿಡುತ್ತೇನೆಂದು ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹೇಳಿ ಕಳಿಸಿದರು, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ ಎಂದು ಅಪ್ಪ ಒಪ್ಪಲಿಲ್ಲ. ಅಲ್ಲಿಗೆ ಚಪ್ಪಾಳೆ ಗ್ಯಾರಂಟಿ.

ಹಿಂದಿನ ದಿನ ಸಮಾಜದ ಮೇಷ್ಟ್ರಿಗೆ ಒಪ್ಪಿಸಲು ಹೋದೆ. ‘ಫೀಲ್ಡ್ ಮಾರ್ಷಲರು ಹೇಳಿದರು’ ಎನ್ನುತ್ತಿದ್ದಂತೆ ತಡೆದರು. “ಆ ಪದವಿ ಬಂದದ್ದು 1986ರಲ್ಲಿ ಕಣೋ. ಆಗಿನ್ನೂ ನಿವೃತ್ತ ಜನರಲ್. ಅದಿರಲಿ, ಮಗನ ಹೆಸರೇನು?”

ನಾನು ನೆಲ ನೋಡಿದೆ. ಮೇಷ್ಟ್ರು ಬೋರ್ಡಿನ ಮೇಲೆ ‘ಕೆ.ಎಂ. ಕಾರ್ಯಪ್ಪ’ ಎಂದು ಬರೆದು, ಅದರ ಕೆಳಗೆ ‘ಕೆ.ಸಿ. ಕಾರ್ಯಪ್ಪ’ ಎಂದು ಬರೆದರು. ಬಳಪದಿಂದ ‘ಸಿ’ಗೆ ಸುತ್ತು ಹಾಕಿದರು. ಮನೆಯವರಿಗೆ, ಗೆಳೆಯರಿಗೆ ನಂದಾ.

ನಂದಾ ಆಗ ವಾಯುಪಡೆಯಲ್ಲಿ ಫ್ಲೈಟ್ ಲೆಫ್ಟಿನೆಂಟ್, 20ನೇ ಸ್ಕ್ವಾಡ್ರನ್, ಹಂಟರ್ ಯುದ್ಧವಿಮಾನ. ವಿಮಾನ ಉರುಳಿದ್ದು ಸೆಪ್ಟೆಂಬರ್ 22ಕ್ಕೆ. ಮರುದಿನ ಬೆಳಗಾಗುವುದರೊಳಗೆ ಕದನವಿರಾಮ! ನೆಲದಿಂದ ಹಾರಿಸಿದ ಗುಂಡು ತಗುಲಿ ವಿಮಾನ ಕೈಬಿಟ್ಟಿತು. ಆಸನದ ಸಮೇತ ಹೊರಕ್ಕೆ ಚಿಮ್ಮಿದ ಮನುಷ್ಯ ನೆಲಕ್ಕೆ ಬಿದ್ದಾಗ ಬೆನ್ನಿಗೆ ಪೆಟ್ಟು, ಏಳಲಾಗಲಿಲ್ಲ. ಸೆರೆಯಾಳು ಹೇಳಬೇಕಾದ್ದು ಹೆಸರು, ರ‍್ಯಾಂಕ್, ನಂಬರ್, ಹುಟ್ಟಿದ ದಿನ ಮಾತ್ರ. ಅವರ ವಿಷಯದಲ್ಲಿ ಹೆಸರೇ ಸಾಕಾಯಿತು. ಅವಿಭಜಿತ ಸೇನೆಯಲ್ಲಿ ಅಯೂಬ್ ಅವರು ಕಾರ್ಯಪ್ಪನವರ ಕೈಕೆಳಗೆ ದುಡಿದವರಲ್ಲವೇ. ಆಸ್ಪತ್ರೆಗೆ ಅಯೂಬರ ಬೇಗಂ ದೊಡ್ಡ ಮಗನನ್ನು ಕರೆದುಕೊಂಡು ನೋಡಲು ಬಂದರಂತೆ, ಸಿಗರೇಟು ಪೊಟ್ಟಣಗಳೂ ಒಂದು ಇಂಗ್ಲಿಷ್ ಹಾಸ್ಯ ಕಾದಂಬರಿಯೂ ಕೈಯಲ್ಲಿ. ಯುದ್ಧದ ಕಥೆಯಲ್ಲಿ ಹಾಸ್ಯ ಕಾದಂಬರಿ! ನನಗೆ ಇವತ್ತಿಗೂ ಮೊದಲು ನೆನಪಾಗುವುದು ಅದೇ.

ಊರಿಗೆ ಮರಳಿದ್ದು 1966ರ ಜನವರಿಯಲ್ಲಿ, ಉಳಿದ ಸೆರೆಯಾಳುಗಳ ಹಾಗೆಯೇ. ಮುಂದೆ ವಾಯುಪಡೆಯಲ್ಲೇ ಇದ್ದು ಏರ್ ಮಾರ್ಷಲ್ ಆದರು. ಅಪ್ಪ ಹೇಳಿದ ಆ ಒಂದು ಮಾತನ್ನು ಮಗ ನಾಲ್ಕು ತಿಂಗಳು ಮಲಗಿ, ಕೂತು, ಕಾದು ಅನುಭವಿಸಿದ್ದು ನಮ್ಮ ಯಾವ ಭಾಷಣದಲ್ಲೂ ಇರಲಿಲ್ಲ.

ಮರುದಿನ ನಾನು ಬೆನ್ನಿನ ಪೆಟ್ಟಿನಿಂದಲೇ ಶುರುಮಾಡಿದೆ. ಸಭೆ ತಣ್ಣಗಿತ್ತು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತೆತ್ತಿ ಹಳೇ ಕಥೆಯನ್ನೇ ಹೇಳಿ ಕಪ್ ಒಯ್ದಳು. ಮೆಟ್ಟಿಲಿಳಿಯುವಾಗ ಮೇಷ್ಟ್ರು ನನ್ನ ಹೆಗಲು ತಟ್ಟಿ, “ಅವಳೂ ಫೀಲ್ಡ್ ಮಾರ್ಷಲ್ ಅಂದಳು, ಕೇಳಿಸ್ತಾ?” ಎಂದರು.