ನಿದ್ದೆ ಮಾತ್ರೆ ಮಿಕ್ಕಿದ್ದರೆ ಕೊಡು ಅಂದರು

ಹೋದ ವಾರ ಬೆಳಿಗ್ಗೆ ಆರೂವರೆ ಇರಬೇಕು. ಬಾಗಿಲ ಮುಂದೆ ನೀರು ಹಾಕುತ್ತಿದ್ದೆ. ನಮ್ಮ ಬೀದಿಯ ಅಕ್ಕ ಒಬ್ಬರು ಬಂದು ಗೇಟು ಹಿಡಿದು ನಿಂತರು. "ನಿನ್ ಹತ್ರ ಆವತ್ತಿನ ನಿದ್ದೆ ಮಾತ್ರೆ ಮಿಕ್ಕಿದ್ಯೇನೇ? ಎರಡೇ ಎರಡು ಕೊಡು, ಸಾಕು" ಅಂದರು. ಕಣ್ಣು ಗುಳಿ ಬಿದ್ದಿತ್ತು. ಗೇಟಿನ ಮೇಲಿಟ್ಟ ಕೈ ನಡುಗುತ್ತಿತ್ತು. ಒಳಗೆ ಕೂರಿಸಿ ಕೇಳಿದರೆ, ಮೂರು ವರ್ಷದಿಂದ ರಾತ್ರಿ ತಗೊಳ್ಳುತ್ತಿದ್ದ ಆಲ್ಪ್ರಜೋಲಾಮ್ ಅನ್ನೋ ಗಾಬರಿ ಇಳಿಸೋ ಮಾತ್ರೆಯನ್ನು ನಾಲ್ಕು ದಿನದ ಹಿಂದೆ ಒಂದೇ ಸಲಕ್ಕೆ ನಿಲ್ಲಿಸಿಬಿಟ್ಟಿದ್ದಾರೆ. ಮಗ ಫೋನಿನಲ್ಲಿ "ಅದು ಚಟ ಆಗುತ್ತೆ ಅಮ್ಮಾ, ಬಿಟ್ಬಿಡು" ಅಂದನಂತೆ. ಅವತ್ತಿನಿಂದ ರೆಪ್ಪೆ ಮುಚ್ಚಿಲ್ಲ.

ನಾನು ಮಾತ್ರೆ ಕೊಡಲಿಲ್ಲ. ಅವರಿಗೆ ಬೇಜಾರಾಯಿತು. ಯಾಕೆ ಕೊಡಲಿಲ್ಲ ಅನ್ನೋದನ್ನು ಆ ಹೊತ್ತಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಹೆಸರು ಹಾಕದೆ ಅವರ ವಿಷಯ ಬರೆಯೋಕೆ ಅವರೇ ಒಪ್ಪಿದ್ದಾರೆ.

ನನ್ನ ಮಾತ್ರೆ ಕಥೆ ಶುರುವಾಗಿದ್ದು 2020ರ ಕೊನೆಯಲ್ಲಿ. ಅಪ್ಪ ತೀರಿಕೊಂಡು ತಿಂಗಳಾಗಿತ್ತು. ರಾತ್ರಿ ಮಲಗಿದ ಹದಿನೈದು ನಿಮಿಷಕ್ಕೆ ಎದೆ ಡವಡವ ಅಂತ ಹೊಡೆದುಕೊಳ್ಳೋದು, ಬೆವರು, ಈಗಲೇ ಸತ್ತುಹೋಗುತ್ತೇನೆ ಅನ್ನೋ ಭಯ. ಇಸಿಜಿ ಸರಿಯಾಗೇ ಇತ್ತು. ಡಾಕ್ಟರು ಅಕ್ಕನ ಮಾತ್ರೆಯ ಜಾತಿಯದೇ ಆದ ಕ್ಲೋನಾಜೆಪಾಮ್ 0.5 ಮಿಲಿಗ್ರಾಂ ಬರೆದುಕೊಟ್ಟು "ಎರಡು ವಾರ ತಗೊಂಡು ಬನ್ನಿ" ಅಂದರು. ಮಾತ್ರೆ ನುಂಗಿದ ಅರ್ಧ ಗಂಟೆಗೆ ಎದೆ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ನಾನು ಡಾಕ್ಟರ ಹತ್ತಿರ ವಾಪಸ್ ಹೋಗಲೇ ಇಲ್ಲ. ಅದೇ ಹಳೇ ಚೀಟಿ ತೋರಿಸಿದರೆ ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ ಕೊಡುತ್ತಿದ್ದರು, ಆಮೇಲಾಮೇಲೆ ಚೀಟಿಯನ್ನೂ ಕೇಳಲಿಲ್ಲ. ಹಾಗೆ ಎರಡು ವರ್ಷ ಆಯಿತು. ಒಂದೇ ಮಾತ್ರೆ, ಅದೂ ಚಿಕ್ಕದು, ಏನು ಮಹಾ ಅಂದುಕೊಂಡಿದ್ದೆ.

2023ರ ಸಂಕ್ರಾಂತಿ ಕಳೆದ ಮೇಲೆ, ಇನ್ನು ಸಾಕು ಅಂತ ನಾನೇ ನಿಲ್ಲಿಸಿದೆ. ಮೊದಲ ಎರಡು ದಿನ ಏನೂ ಆಗಲಿಲ್ಲ. ಇಷ್ಟೇನಾ, ಇದಕ್ಕೆ ಇಷ್ಟು ಹೆದರಿದ್ದೆನಾ ಅಂತ ಖುಷಿಪಟ್ಟೆ. ಆದರೆ ಕ್ಲೋನಾಜೆಪಾಮ್ ಮೈಯಿಂದ ಅರ್ಧ ಇಳಿಯೋಕೇ ಹೆಚ್ಚುಕಡಿಮೆ 30ರಿಂದ 40 ಗಂಟೆ ಬೇಕು. ಅಂದರೆ ಆ ಎರಡು ದಿನ ಮಾತ್ರೆ ಇನ್ನೂ ಒಳಗೇ ಇತ್ತು. ನಾಲ್ಕನೇ ದಿನದಿಂದ ನಿಜವಾದದ್ದು ಶುರುವಾಯಿತು. ಕುಕ್ಕರ್ ಕೂಗಿದರೆ ಮೈಯೆಲ್ಲ ಜುಂ ಅನ್ನೋದು, ಟ್ಯೂಬ್‌ಲೈಟ್ ಕಣ್ಣಿಗೆ ಚುಚ್ಚೋದು, ಕಾಲೊಳಗೆ ಇರುವೆ ಹರಿದ ಹಾಗೆ. ನಿದ್ದೆ ಅಂತೂ ಪೂರ್ತಿ ಹೋಯಿತು. ಕಣ್ಣು ಎಳೆಯುತ್ತಿತ್ತು, ಇನ್ನೇನು ನಿದ್ದೆಗೆ ಜಾರಬೇಕು ಅನ್ನುವಾಗ ಯಾರೋ ತಳ್ಳಿದ ಹಾಗೆ ಬೆಚ್ಚಿ ಏಳುತ್ತಿದ್ದೆ. ರಾತ್ರಿಯಿಡೀ ಇದೇ.

ಮನೆ ಹತ್ತಿರದ ಡಾಕ್ಟರ ಹತ್ತಿರ ಹೋದೆ. ನಿದ್ದೆ ಬರುತ್ತಿಲ್ಲ ಅಂದೆ, ಕ್ಲೋನಾಜೆಪಾಮ್ ನಿಲ್ಲಿಸಿದ ವಿಷಯ ಹೇಳಲಿಲ್ಲ. ನಾಚಿಕೆ ಆಗಿತ್ತು. ಅವರೂ ಕೇಳಲಿಲ್ಲ. ಜೋಲ್ಪಿಡೆಮ್ ಅನ್ನೋ ನಿದ್ದೆ ಮಾತ್ರೆ 10 ಮಿಲಿಗ್ರಾಂ ಬರೆದುಕೊಟ್ಟರು. ಮೊದಲ ರಾತ್ರಿ ಹತ್ತೂವರೆಯಿಂದ ಮೂರರ ತನಕ ನಿದ್ದೆ ಬಂತು. ದೇವರು ಕಣ್ಣು ಬಿಟ್ಟ ಅನ್ನಿಸಿತು.

ಹನ್ನೊಂದನೇ ದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ, ಕಟ್ಟೆ ಮೇಲೆ ರವೆ ಡಬ್ಬದ ಮುಚ್ಚಳ ತೆಗೆದಿತ್ತು. ಬಾಣಲೆಯಲ್ಲಿ ಸಾಸಿವೆ, ಕಡ್ಲೆಬೇಳೆ ಸುಟ್ಟು ಇದ್ದಿಲಾಗಿತ್ತು. ಈಳಿಗೆಮಣೆ ಪಕ್ಕ ಅರ್ಧ ಹೆಚ್ಚಿದ ಈರುಳ್ಳಿ. ರಾತ್ರಿ ಎರಡು ಗಂಟೆಗೆ ನಾನೇ ಎದ್ದು ಒಗ್ಗರಣೆಗೆ ಇಟ್ಟಿದ್ದೆನಂತೆ. ಸುಟ್ಟ ವಾಸನೆಗೆ ಅತ್ತೆ ಎದ್ದು ಬಂದು "ಏನಮ್ಮಾ ಈ ಹೊತ್ತಲ್ಲಿ?" ಅಂತ ಕೇಳಿದರೆ "ಮಗಳ ಡಬ್ಬಿಗೆ" ಅಂದು, ಹೋಗಿ ಮಲಗಿದೆನಂತೆ. ಗ್ಯಾಸ್ ಆರಿಸಿದ್ದು ಅವರು. ನನಗೆ ಒಂದೂ ನೆನಪಿಲ್ಲ. ಎಡಗೈ ತೋರುಬೆರಳಲ್ಲಿ ಈಳಿಗೆ ತಾಗಿದ ಗಾಯ, ರಕ್ತ ಒಣಗಿ ಕಪ್ಪಾಗಿತ್ತು. ಅದು ಯಾವಾಗ ಆಯಿತು ಅಂತಲೂ ಗೊತ್ತಿಲ್ಲ. ಅತ್ತೆ ಏಳದೇ ಇದ್ದಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಇದು ನನಗೊಬ್ಬಳಿಗೇ ಆದದ್ದಲ್ಲ. ಜೋಲ್ಪಿಡೆಮ್ ತಗೊಂಡವರು ನಿದ್ದೆಯಲ್ಲೇ ನಡೆಯೋದು, ಅಡುಗೆ ಮಾಡೋದು, ಗಾಡಿ ಓಡಿಸೋದು ಆಗಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಇದರ ಮೇಲೆ ತನ್ನ ಅತಿ ಗಟ್ಟಿಯಾದ ಎಚ್ಚರಿಕೆಯನ್ನು ಹಾಕಿಸಿತು. ಒಂದು ಸಲ ಹೀಗಾದವರು ಅದನ್ನು ಮತ್ತೆ ತಗೊಳ್ಳಲೇಬಾರದು. ಹೆಂಗಸರ ಮೈಯಿಂದ ಈ ಔಷಧ ನಿಧಾನವಾಗಿ ಇಳಿಯುತ್ತದೆ ಅಂತ 2013ರಲ್ಲೇ ಅವರು ಹೆಂಗಸರ ಡೋಸನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಲು ಹೇಳಿದ್ದರು. ನನಗೆ ಹತ್ತು ವರ್ಷದ ಮೇಲೂ ಹತ್ತೇ ಕೊಟ್ಟಿದ್ದರು.

ಆ ವಾರವೇ ಮನೆಯವರು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಈ ಸಲ ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. ಒಂದು ಮಾತು ಹೇಳಿದರು, ಅದೇ ನನಗೆ ದಾರಿ ತೋರಿಸಿದ್ದು: "ನೀವು ಒಂದೇ ಬಾವಿಗೆ ಬಿಂದಿಗೆ ಬದಲಾಯಿಸಿ ಇಳಿಸಿದ್ದೀರಿ ಅಷ್ಟೇ."

ಅದರ ಅರ್ಥ ಹೀಗೆ. ಮೆದುಳನ್ನು ಶಾಂತವಾಗಿಡೋಕೆ ಗಾಬಾ ಅನ್ನೋ ರಾಸಾಯನಿಕ ಒಂದಿದೆ. ಕ್ಲೋನಾಜೆಪಾಮ್, ಆಲ್ಪ್ರಜೋಲಾಮ್, ಡಯಾಜೆಪಾಮ್ ಎಲ್ಲಾ ಅದರ ಕೆಲಸವನ್ನು ಜಾಸ್ತಿ ಮಾಡುತ್ತವೆ. ದಿನಾ ಹೊರಗಿನಿಂದ ಬಲ ಸಿಕ್ಕರೆ ಮೆದುಳು ಅದಕ್ಕೆ ಒಗ್ಗಿಕೊಂಡು, ತಾನೇ ಶಾಂತವಾಗೋ ಶಕ್ತಿಯನ್ನು ಕಡಿಮೆ ಮಾಡಿಕೊಳ್ಳುತ್ತದೆ. ಮಾತ್ರೆಯನ್ನು ಥಟ್ಟಂತ ತೆಗೆದರೆ ತಡೆಯೋರೇ ಇಲ್ಲ. ಅದಕ್ಕೇ ಶಬ್ದ, ಬೆಳಕು, ಭಯ, ನಿದ್ದೆಗೇಡು ಎಲ್ಲಾ ಒಟ್ಟಿಗೆ ನುಗ್ಗುತ್ತವೆ. ಕೆಲವರಿಗೆ ಫಿಟ್ಸ್ ಕೂಡ ಬರಬಹುದು, ಪ್ರಾಣಕ್ಕೇ ಅಪಾಯ. ಜೋಲ್ಪಿಡೆಮ್ ಹೆಸರು ಬೇರೆ, ಜಾತಿಯೂ ಬೇರೆ ಅಂತಾರೆ, ಆದರೆ ಅದು ಹೋಗಿ ಕೂರೋದು ಅದೇ ಜಾಗದಲ್ಲಿ. ಒಂದನ್ನು ಬಿಡುತ್ತಿದ್ದೇನೆ ಅಂದುಕೊಂಡು ಅದರ ತಂಗಿಯನ್ನು ಮನೆಗೆ ಕರೆದುಕೊಂಡ ಹಾಗೆ.

ಅವರು ಜೋಲ್ಪಿಡೆಮ್ ನಿಲ್ಲಿಸಿದರು, ಕ್ಲೋನಾಜೆಪಾಮ್ 0.5 ಮತ್ತೆ ಶುರು ಮಾಡಿದರು. ನಾನು ಅಳುತ್ತಾ ಕೂತೆ. ಅಷ್ಟು ಕಷ್ಟಪಟ್ಟದ್ದೆಲ್ಲ ನೀರಲ್ಲಿ ಹೋಮ ಆಯಿತಲ್ಲ ಅಂತ. ಹಾಗಲ್ಲ ಅಂತ ತಿಳಿಯೋಕೆ ತಿಂಗಳುಗಳೇ ಬೇಕಾದವು. ಮೊದಲು ಮೈ ನೆಲೆಗೆ ಬರಬೇಕು, ಆಮೇಲೆ ಇಳಿಸಬೇಕು.

ಇಳಿಸಿದ ರೀತಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿದ್ದೆಯ ಗುಟ್ಟು ಇದರಲ್ಲೇ ಇತ್ತು. 0.5ರ ಮಾತ್ರೆಯನ್ನು ಸಣ್ಣ ಸಣ್ಣ ಭಾಗ ಮಾಡೋದು ಕಷ್ಟ, ಪುಡಿಯಾಗುತ್ತದೆ. ಅದಕ್ಕೆ ಡಾಕ್ಟರು ನಿಧಾನವಾಗಿ ಡಯಾಜೆಪಾಮ್ 10 ಮಿಲಿಗ್ರಾಂಗೆ ಬದಲಾಯಿಸಿದರು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಪ್ರೊಫೆಸರ್ ಹೆದರ್ ಆಶ್ಟನ್ ಅನ್ನುವವರು 1982ರಿಂದ 1994ರವರೆಗೆ ಈ ಮಾತ್ರೆ ಬಿಡಿಸೋ ಕ್ಲಿನಿಕ್ ನಡೆಸಿದ್ದರು. ಅವರ ಲೆಕ್ಕದಲ್ಲಿ ಕ್ಲೋನಾಜೆಪಾಮ್ 0.5 ಅಂದರೆ ಡಯಾಜೆಪಾಮ್ 10. ಡಯಾಜೆಪಾಮ್ ಇನ್ನೂ ನಿಧಾನವಾಗಿ ಇಳಿಯುತ್ತದೆ, 5, 2 ಮಿಲಿಗ್ರಾಂ ಮಾತ್ರೆ ಸಿಗುತ್ತವೆ. 2ರ ಮಾತ್ರೆಯನ್ನು ಸ್ಟೀಲ್ ತಟ್ಟೆ ಮೇಲಿಟ್ಟು ಹೊಸ ಬ್ಲೇಡಿನಿಂದ ಒಂದೇ ಏಟಿಗೆ ಒತ್ತಿದರೆ ಎರಡು ಹೋಳು. ಒತ್ತೋ ಕೈ ಹಿಂಜರಿದರೆ ಒಂದು ಹೋಳು ಹಾರಿ ಸ್ಟವ್ ಕೆಳಗೆ ಹೋಗುತ್ತದೆ. ಹೀಗೆ ಒಂದೊಂದು ಮಿಲಿಗ್ರಾಂ. ಮೊದಲರ್ಧ ಮೂರು ವಾರಕ್ಕೊಮ್ಮೆ, ಕೊನೆಯ 5 ಮಿಲಿಗ್ರಾಂ ಐದು ವಾರಕ್ಕೊಮ್ಮೆ. ಏಪ್ರಿಲ್‌ನಲ್ಲಿ ಶುರುವಾಗಿದ್ದು 2024ರ ಫೆಬ್ರವರಿಗೆ ಮುಗಿಯಿತು. ಇದು ನನ್ನ ಲೆಕ್ಕ, ನಿಮ್ಮದಲ್ಲ. ದಯವಿಟ್ಟು ಇದನ್ನು ನೋಡಿಕೊಂಡು ನೀವೇ ಬ್ಲೇಡ್ ಹಿಡಿಯಬೇಡಿ.

ಹಾಗಾದರೆ ಇಳಿಸುವಾಗ ನಿದ್ದೆಗೆ ಮಾತ್ರೆ ತಗೊಳ್ಳಲೇಬಾರದಾ? ನಾನು ಹಾಗೆ ಹೇಳೋಳಲ್ಲ. ನಾನೇ ತಗೊಂಡೆ. ಜುಲೈನಲ್ಲಿ, 7 ಮಿಲಿಗ್ರಾಂ ಹತ್ತಿರ ಬಂದಾಗ, ಮೂರು ಗಂಟೆಗಿಂತ ಜಾಸ್ತಿ ನಿದ್ದೆ ಇರುತ್ತಿರಲಿಲ್ಲ. ಸ್ಕೂಟರ್ ಓಡಿಸುವಾಗ ಸಿಗ್ನಲ್ ಕೆಂಪಾಗಿದ್ದು ಕಾಣದೆ ಹೋಗಿದ್ದೆ ಒಂದು ದಿನ. ಡಾಕ್ಟರಿಗೆ ಹೇಳಿದೆ. ಅವರು ಎರಡು ಕೆಲಸ ಮಾಡಿದರು. ಮೊದಲನೆಯದು, ಇಳಿಸೋದನ್ನು ಒಂದು ತಿಂಗಳು ಅಲ್ಲೇ ನಿಲ್ಲಿಸಿದರು. ಎರಡನೆಯದು, ಮಿರ್ಟಜಪೀನ್ 7.5 ಮಿಲಿಗ್ರಾಂ ರಾತ್ರಿಗೆ ಕೊಟ್ಟರು. ಅದು ಖಿನ್ನತೆಗೆ ಕೊಡೋ ಔಷಧ, ಕಡಿಮೆ ಡೋಸಿನಲ್ಲಿ ನಿದ್ದೆ ತರುತ್ತದೆ, ಮುಖ್ಯ ಅಂದರೆ ಅದು ಆ ಬಾವಿಗೆ ಇಳಿಯೋ ಬಿಂದಿಗೆ ಅಲ್ಲ. ಕೊಡುವಾಗಲೇ "ದೀಪಾವಳಿಗೆ ನಿಲ್ಲಿಸ್ತೀವಿ" ಅಂತ ಚೀಟಿಯಲ್ಲೇ ಬರೆದರು. ಈ ಒಂದು ಸಾಲು ನನಗೆ ಮಾತ್ರೆಗಿಂತ ದೊಡ್ಡದಾಗಿ ಕಂಡಿತು. ಮೊದಲ ಸಲವೂ ಯಾರಾದರೂ ಹೀಗೆ ಮುಗಿಯೋ ತಾರೀಖು ಬರೆದಿದ್ದರೆ, ನಾನೂ ಅದನ್ನು ಕೇಳಿದ್ದರೆ, ಎರಡು ವರ್ಷ ಆಗುತ್ತಿರಲಿಲ್ಲ ಅಲ್ವಾ?

ಮಿರ್ಟಜಪೀನ್ ಸುಮ್ನೆ ಬರಲಿಲ್ಲ. ಹಸಿವು ವಿಪರೀತ, ನಾಲ್ಕು ಕೆಜಿ ತೂಕ ಬಂತು. ಬೆಳಿಗ್ಗೆ ತಲೆ ಹತ್ತಿ ತುಂಬಿದ ಹಾಗೆ. ಆದರೂ ಆ ಹೊತ್ತಿಗೆ ಅದು ಬೇಕಿತ್ತು. ಮಾತ್ರೆ ತಗೊಂಡರೆ ಸೋತ ಹಾಗೆ ಅನ್ನೋರನ್ನು ಕಂಡರೆ ನನಗೆ ಕೋಪ ಬರುತ್ತದೆ. ಮೂರು ತಿಂಗಳು ರಾತ್ರಿಗಳನ್ನು ಕೂತು ಕಳೆದು ನೋಡಲಿ. ಮಧ್ಯೆ ಮೆಲಟೋನಿನ್ ಕೂಡ ನೋಡಿದೆ, ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಕೊನೆಗೆ ಹಿಡಿದದ್ದು ಸಿಬಿಟಿ-ಐ, ಅಂದರೆ ಮಾತ್ರೆ ಇಲ್ಲದೆ ನಿದ್ದೆಯ ಅಭ್ಯಾಸ, ಯೋಚನೆ ಬದಲಾಯಿಸೋ ಚಿಕಿತ್ಸೆ. ನಿದ್ದೆಗೇಡಿಗೆ ಮೊದಲು ಇದನ್ನೇ ಮಾಡಬೇಕು ಅಂತ ಅಮೆರಿಕದ ವೈದ್ಯರ ಸಂಘ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ. ನನಗೆ ಮೂರು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಅಕ್ಟೋಬರಿನಲ್ಲಿ ಆಪ್ತಸಮಾಲೋಚಕಿ ಒಬ್ಬರು ಎರಡು ವಾರದ ನಿದ್ದೆ ಲೆಕ್ಕ ಬರೆಸಿದರು. ಒಂಬತ್ತು ಗಂಟೆ ಹಾಸಿಗೆಯಲ್ಲಿ ಇರುತ್ತಿದ್ದೆ, ನಿದ್ದೆ ಐದು ಗಂಟೆ. ಮಿಕ್ಕ ನಾಲ್ಕು ಗಂಟೆ ಹಾಸಿಗೆ ಅಂದರೆ ಹೆದರೋ ಜಾಗ ಅಂತ ನಾನೇ ಮೆದುಳಿಗೆ ಕಲಿಸುತ್ತಿದ್ದೆ. ಇನ್ನು ಮೇಲೆ ಹನ್ನೆರಡಕ್ಕೆ ಮಲಗಿ, ಐದೂವರೆಗೆ ಏಳಿ, ಹಗಲು ಮಲಗಬೇಡಿ ಅಂದರು. ಕೇಳಿ ನನಗೆ ಹುಚ್ಚು ಅನ್ನಿಸಿತು. ನಿದ್ದೆ ಇಲ್ಲದವಳಿಗೆ ಇನ್ನೂ ಕಡಿಮೆ ಮಲಗು ಅಂತೀರಲ್ಲ! ಆದರೆ ಅದೇ ಕೆಲಸ ಮಾಡಿತು. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನೂರಕ್ಕೆ ಎಂಬತ್ತೈದು ಪಾಲು ನಿದ್ದೆ ಬಂದರೆ ಹದಿನೈದು ನಿಮಿಷ ಜಾಸ್ತಿ ಸಿಗುತ್ತಿತ್ತು, ಬಹುಮಾನದ ಹಾಗೆ. ಫಿಟ್ಸ್ ಇರೋರಿಗೆ, ಬೈಪೋಲಾರ್ ಅನ್ನೋ ಮನಸ್ಸಿನ ಕಾಯಿಲೆ ಇರೋರಿಗೆ ಇದು ಆಗಿಬರೋದಿಲ್ಲ, ಕೇಳಿಯೇ ಮಾಡಬೇಕು.

ಕಷ್ಟ ಅಂದರೆ ರಾತ್ರಿ ಹನ್ನೆರಡರ ತನಕ ಎದ್ದಿರೋದು. ಮೊಬೈಲ್ ಬೇಡ ಅಂದಿದ್ದರು. ಡಿಸೆಂಬರ್ ಬಂತು, ದೇವರಾಜ ಮಾರ್ಕೆಟ್ಟಿನಲ್ಲಿ ಅವರೆಕಾಯಿ ರಾಶಿ. ಸಂಜೆ ಕಾಳು ನೆನೆಹಾಕಿ, ರಾತ್ರಿ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಹಿಸುಕುತ್ತಾ ಕೂರುತ್ತಿದ್ದೆ. ಹೆಬ್ಬೆರಳು, ತೋರುಬೆರಳ ನಡುವೆ ಕಾಳು ಒತ್ತಿದರೆ ಸಿಪ್ಪೆಯಿಂದ ಬೇಳೆ ಜಾರಿ ಪಾತ್ರೆಗೆ ಟಪ್ ಅಂತ ಬೀಳೋದು. ಆ ಸೊಗಡಿನ ವಾಸನೆ ಬೆಳಿಗ್ಗೆವರೆಗೂ ಕೈಯಲ್ಲಿ. ಒಂದೊಂದು ದಿನ ಅತ್ತೆಯೂ ಬಂದು ಜೊತೆಗೆ ಕೂರೋರು, ಮಾತಿಲ್ಲದೆ. ಅಪ್ಪ ಹೋದಾಗ ನಾನು ಸರಿಯಾಗಿ ಅತ್ತಿರಲಿಲ್ಲ, ಮಾತ್ರೆ ಅದನ್ನು ತಡೆದು ನಿಲ್ಲಿಸಿತ್ತು. ಆ ಚಾಪೆ ಮೇಲೆ ಕೂತು ಅತ್ತುಬಿಟ್ಟೆ. ಆ ಚಳಿಗಾಲ ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಹಿತಕಿದ ಬೇಳೆ ಸಾರು.

ಒಂದು ರಾತ್ರಿ, ಕೊನೆಯ 2 ಮಿಲಿಗ್ರಾಂ ಹೊತ್ತಿಗೆ, ಮೂರು ಗಂಟೆಯಲ್ಲಿ ತೀರಾ ಕೈಮೀರಿತು. 14416ಕ್ಕೆ ಫೋನ್ ಮಾಡಿದೆ. ಸರ್ಕಾರದ ಟೆಲಿಮಾನಸ್, 2022ರಿಂದ ಇದೆ, ಇಪ್ಪತ್ನಾಲ್ಕು ಗಂಟೆಯೂ ಸಿಗುತ್ತದೆ, ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಿದರು. ಆ ಹುಡುಗಿ "ಇದು ನಿಮ್ಮ ಹಳೇ ಕಾಯಿಲೆ ವಾಪಸ್ ಬಂದಿದ್ದು ಅಂತ ಈಗಲೇ ತೀರ್ಮಾನ ಮಾಡ್ಬೇಡಿ ಮೇಡಂ, ಮಾತ್ರೆ ಇಳಿಯುವಾಗ ಹೀಗಾಗುತ್ತೆ" ಅಂದಳು. ಅದು ನನಗೆ ಗೊತ್ತಿತ್ತು. ಆದರೆ ಆ ಹೊತ್ತಲ್ಲಿ ಇನ್ನೊಬ್ಬರ ಬಾಯಲ್ಲಿ ಕೇಳಬೇಕಿತ್ತು.

ಈಗ ಆರು ಗಂಟೆ ನಿದ್ದೆ ಬರುತ್ತದೆ. ಕೆಲವು ದಿನ ನಾಲ್ಕೇ. ನಾಲ್ಕು ಬಂದ ದಿನ ನಾನು ಹೆದರೋದಿಲ್ಲ.

ಮತ್ತೆ ಅಕ್ಕನ ವಿಷಯ. ಆಲ್ಪ್ರಜೋಲಾಮ್ ನನ್ನ ಮಾತ್ರೆ ಹಾಗಲ್ಲ, ಬೇಗ ಇಳಿಯುತ್ತದೆ, ಹನ್ನೊಂದು ಗಂಟೆ ಆಸುಪಾಸಿನಲ್ಲಿ ಅರ್ಧ ಹೋಗಿರುತ್ತದೆ. ಅದಕ್ಕೇ ನಾಲ್ಕು ದಿನಕ್ಕೇ ಅವರ ಕೈ ಹಾಗೆ ನಡುಗುತ್ತಿತ್ತು. ಎರಡು ಜೋಲ್ಪಿಡೆಮ್ ಕೊಟ್ಟು ಕಳಿಸಿದ್ದರೆ ಒಂದು ರಾತ್ರಿ ಮಲಗುತ್ತಿದ್ದರೇನೋ, ಆದರೆ ಮಾತ್ರೆ ಒಮ್ಮೆಲೇ ನಿಂತಿದ್ದು ನಿಂತೇ ಇರುತ್ತಿತ್ತು, ಅಪಾಯವೂ ಹಾಗೇ. "ಅಕ್ಕ, ಇವತ್ತೇ ಹೋಗೋಣ, ನಾಳೆ ಅನ್ಬೇಡಿ" ಅಂದೆ. ಆಫೀಸಿಗೆ ರಜಾ ಹಾಕಿ ಆಟೋದಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ಬಿಪಿ ನೋಡಿ, ಮಾತ್ರೆ ಮತ್ತೆ ಶುರು ಮಾಡಿ, ಹದಿನೈದು ದಿನ ಬಿಟ್ಟು ಬರಲು ಹೇಳಿದ್ದಾರೆ. ಇಳಿಸೋ ಮಾತು ಆಮೇಲೆ. ಸಂಜೆ ಅವರ ಮಗನಿಗೂ ಫೋನ್ ಮಾಡಿ ಹೇಳಿದೆ, ಅವನು ಪಾಪ ಹೆದರಿಹೋದ, ಒಳ್ಳೇದಕ್ಕೇ ಹೇಳಿದ್ದ.

ನಿನ್ನೆ ಸಂಜೆ ಅಕ್ಕ ಬಂದು "ನೀನು ಬರೀತಿದ್ದೆಯಲ್ಲ ಒಂದು ಪುಸ್ತಕ, ಅದು ಹೇಗೆ?" ಅಂತ ಕೇಳಿದರು. ನನ್ನ ಹಳೆಯದನ್ನು ತೋರಿಸಿದೆ, ಇನ್ನೂರು ಪುಟದ ರೂಲ್ಡ್ ನೋಟ್‌ಬುಕ್, ತಾರೀಖು, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆ ನಿದ್ದೆ. ಮಗಳ ಹತ್ತಿರ ಒಂದು ಹೊಸದು ಇತ್ತು, ಅದನ್ನು ಕೊಟ್ಟೆ. ಅಲ್ಲೇ ಕಟ್ಟೆ ಮೇಲೆ ಕೂತು ಮೊದಲ ಪುಟದಲ್ಲಿ ಬರೆದರು: ಐದೂಕಾಲು ಗಂಟೆ.