ಬ್ಯಾಡ್ಜ್ ಏನೋ 4ಕೆ, ಗುಹೆ ಮಾತ್ರ ಬೂದಿ ಬಣ್ಣ

ಮೊನ್ನೆ ರಾತ್ರಿ ಸ್ಟ್ರೀಮಿಂಗಲ್ಲಿ ಒಂದು ಫ್ಯಾಂಟಸಿ ಸಿನಿಮಾ ಹಾಕ್ಕೊಂಡು ಕೂತಿದ್ದೆ, 4ಕೆ ಅಂತ ಬ್ಯಾಡ್ಜ್ ಬೇರೆ ಇತ್ತು. ಗುಹೆ ಸೀನ್ ಬಂತು ನೋಡಿ, ಕಪ್ಪು ಅನ್ನೋದೇ ಇಲ್ಲ, ಬೂದಿ ಬಳಿದ ಹಾಗಿದೆ, ಅದರೊಳಗೆ ಚೌಕಚೌಕ ಕುಣೀತಿದೆ, ಪಂಜಿನ ಬೆಳಕು ನಿಧಾನಕ್ಕೆ ಕತ್ತಲೆಗೆ ಕರಗೋದು ಬಿಟ್ಟು ಮರ ಕುಯ್ದಾಗ ಕಾಣೋ ಉಂಗುರದ ಥರ ಗೆರೆಗೆರೆ. ತಲೆಕೆಟ್ಟು ಅದೇ ಸಿನಿಮಾದ ಹಳೇ ಬ್ಲೂ-ರೇ ಡಿಸ್ಕ್ ಹುಡುಕಿ ಹಾಕಿದೆ, ಬರೀ 1080ಪಿ, 4ಕೆಗಿಂತ ಎಷ್ಟೋ ಕಮ್ಮಿ ಪಿಕ್ಸೆಲ್. ಗುಹೆ ಗುಹೆ ಥರಾನೇ ಕಾಣ್ತು.

ವಿಷಯ ಇಷ್ಟೇ, ಪಿಕ್ಸೆಲ್ ಎಷ್ಟಿದೆ ಅನ್ನೋದಕ್ಕಿಂತ ಬಿಟ್‌ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಡೇಟಾ ಬರುತ್ತೆ ಅನ್ನೋದು ಮುಖ್ಯ. ಬ್ಲೂ-ರೇಲಿ ವಿಡಿಯೋಗೇ ಸೆಕೆಂಡಿಗೆ 40 ಮೆಗಾಬಿಟ್ ತನಕ ಜಾಗ ಇದೆ, 4ಕೆ ಡಿಸ್ಕಲ್ಲಿ ಎಲ್ಲ ಸೇರಿ 128ರ ತನಕ, ಸ್ಟ್ರೀಮಿಂಗ್ 4ಕೆ ಸಾಮಾನ್ಯವಾಗಿ 15ರಿಂದ 25ರೊಳಗೇ ಮುಗಿಸುತ್ತೆ. ವಿಡಿಯೋನ ಒತ್ತಿ ಚಿಕ್ಕದು ಮಾಡೋ ಹೊಸ ಕೋಡೆಕ್ ಜಾಣ, ಕಮ್ಮೀಲೇ ಜಾಸ್ತಿ ತುಂಬುತ್ತೆ, ಒಪ್ಪಿದೆ. ಇಬ್ರು ರೂಮಲ್ಲಿ ಕೂತು ಮಾತಾಡೋ ಸಿನಿಮಾಗೆ ಅದು ಸಾಕೇ ಸಾಕು. ಆದ್ರೆ ಫ್ಯಾಂಟಸಿ ಅಂದ್ರೇನೇ ಮಂಜು, ಹೊಗೆ, ಮಳೆ, ಕಿಡಿ, ಕತ್ತಲಲ್ಲಿ ಸಾವಿರ ಸೈನಿಕರು. ಪ್ರತಿ ಫ್ರೇಮೂ ಹಿಂದಿನದಕ್ಕಿಂತ ಬೇರೆ, ಒತ್ತೋ ಕೆಲಸ ಮಾಡೋ ಎನ್‌ಕೋಡರ್‌ಗೆ ಉಸಿರಾಡೋಕೂ ಬಿಡಲ್ಲ.

ಹಂಗಂತ ಡಿಸ್ಕ್ ಬಂದ್ರೆ ಎಲ್ಲ ಸರಿ ಅಂತಾನೂ ಅಲ್ಲ. ಲಾರ್ಡ್ ಆಫ್ ದ ರಿಂಗ್ಸ್ ಮೊದಲನೇ ಭಾಗದ ಎಕ್ಸ್‌ಟೆಂಡೆಡ್ (ಉದ್ದದ ಆವೃತ್ತಿ) ಬ್ಲೂ-ರೇ 2011ರಲ್ಲಿ ಬಂದಾಗ ಹಿಮ ಕೂಡ ಹಸಿರು ಹಸಿರು ಅಂತ ಅಭಿಮಾನಿಗಳು ಎಷ್ಟು ಕಿತ್ತಾಡಿದ್ರು! 2020ರ 4ಕೆಗೆ ನಿರ್ದೇಶಕ ಪೀಟರ್ ಜಾಕ್ಸನ್ನೇ ಕೂತು ಬಣ್ಣ ಹೊಸದಾಗಿ ಮಾಡಿಸಿದ್ರು, ಹಸಿರು ಹೋಯ್ತು, ಆಗ ಗ್ರೇನ್ (ಫಿಲ್ಮಲ್ಲಿ ಕಾಣೋ ಸಣ್ಣ ಕಾಳುಕಾಳು) ಉಜ್ಜಿಬಿಟ್ಟಿದ್ದಾರೆ, ಮುಖ ಮೇಣದ ಥರ ಇದೆ ಅಂತ ಇನ್ನೊಂದು ಜಗಳ. ನಂಗೂ ಗ್ರೇನ್ ಇರ್ಬೇಕು ಅನ್ಸುತ್ತೆ, ಅದು ಫಿಲ್ಮಿನ ಚರ್ಮ, ಕೊಳೆ ಅಲ್ಲ. ಇನ್ನೊಂದು, ಆ ಕಾಲದ ಎಫೆಕ್ಟ್ಸ್ ಎಲ್ಲ ಮಾಡಿರೋದೇ 2ಕೆನಲ್ಲಿ, ಅಂದ್ರೆ ಕಮ್ಮಿ ಪಿಕ್ಸೆಲಲ್ಲಿ, ಅದನ್ನ ಹಿಗ್ಗಿಸಿ 4ಕೆ ಅಂದ್ರೆ ಹೊಸ ಡೀಟೇಲ್ ಎಲ್ಲಿಂದ ಬರ್ಬೇಕು? ಅಂಥ ಡಿಸ್ಕಲ್ಲಿ ನಿಜವಾಗ್ಲೂ ಸಿಗೋ ಲಾಭ ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರ ಹೆಚ್ಚು ತೋರಿಸೋ ವಿಧಾನ), 10 ಬಿಟ್ ಬಣ್ಣ. ಒಂದೊಂದು ಬಣ್ಣಕ್ಕೂ 256 ಮೆಟ್ಟಿಲಿದ್ದ ಕಡೆ 1024, ಪಂಜಿನ ಸುತ್ತ ಗೆರೆ ಕಮ್ಮಿಯಾಗೋದು ಅದರಿಂದ.

ಸೌಂಡ್ ಬಗ್ಗೆ ನನ್ನ ಸಿಟ್ಟು ಬೇರೇನೇ. ಮಾಂತ್ರಿಕ ಪಿಸುಗುಟ್ತಾನೆ, ಕೇಳಲ್ಲ, ವಾಲ್ಯೂಮ್ ಏರಿಸ್ತೀನಿ, ಅಷ್ಟರಲ್ಲಿ ಡ್ರ್ಯಾಗನ್ ಬಂದು ಕಿಟಕಿ ನಡುಗಿಸುತ್ತೆ, ಮನೆಯವರೆಲ್ಲ ಎದ್ದು ಬರ್ತಾರೆ. ಡಿಸ್ಕಲ್ಲಿ ಟ್ರೂಎಚ್‌ಡಿ, ಲಾಸ್‌ಲೆಸ್ ಅಂದ್ರೆ ಏನೂ ಕಳೀದೆ ಇರೋ ಸೌಂಡ್, ಸ್ಟ್ರೀಮಿಂಗಲ್ಲಿ ಅಟ್ಮಾಸ್ (ಸುತ್ತಲೂ, ಮೇಲಿಂದಲೂ ಬರೋ ಸೌಂಡ್) ಅಂತ ಬರೆದಿದ್ರೂ ಒತ್ತಿ ಚಿಕ್ಕದು ಮಾಡಿರೋ ಡಾಲ್ಬಿ ಡಿಜಿಟಲ್ ಪ್ಲಸ್, ವ್ಯತ್ಯಾಸ ಇದೆ, ಸುಳ್ಳು ಹೇಳಲ್ಲ. ಆದ್ರೆ ಈ ಪಿಸುಮಾತಿನ ಕಾಟ ಅದರಿಂದಲ್ಲ. ಥಿಯೇಟರಿಗೆ ಅಂತ ಮಿಕ್ಸ್ ಮಾಡಿರೋದನ್ನ ಟಿವಿಯ ಎರಡು ಪುಟ್ಟ ಸ್ಪೀಕರಿಗೆ ತುರುಕಿದ್ರೆ ಡೈಲಾಗ್ ಮುಳುಗಿಹೋಗುತ್ತೆ, ಯಾಕಂದ್ರೆ ಮಾತು ಹೆಚ್ಚಾಗಿ ಇರೋದು ಸೆಂಟರ್ ಚಾನೆಲ್‌ನಲ್ಲಿ, ಅಂದ್ರೆ ನಡುವಿನ ಸ್ಪೀಕರಿಗೆ ಅಂತ ಇರೋ ಸೌಂಡಲ್ಲಿ.

ನಾನೂ ವರ್ಷಗಟ್ಲೆ ಡಿಸ್ಕನ್ನೇ ಬೈತಿದ್ದೆ. ನಿನ್ನೆ ಸೆಟ್ಟಿಂಗ್ಸಿಗೆ ಹೋಗಿ ಸೆಂಟರ್ ಚಾನೆಲ್ ಬರೀ 3 ಡೆಸಿಬೆಲ್ ಏರಿಸಿದೆ, ಜೊತೆಗೆ ಸಿನಿಮಾನ ಸೀರಿಯಲ್ ಥರ ಮಾಡೋ ಆ ದರಿದ್ರ ಮೋಷನ್ ಸ್ಮೂದಿಂಗೂ (ನಡುನಡುವೆ ಫ್ರೇಮ್ ಸೇರಿಸಿ ಚಲನೆ ನುಣುಪು ಮಾಡೋ ಟಿವಿ ಸೆಟ್ಟಿಂಗ್) ಆಫ್ ಮಾಡಿದೆ. ನಾಲ್ಕನೇ ಸಲ ನೋಡ್ತಿರೋ ಸಿನಿಮಾ, ಆ ಮುದುಕ ಮಾಂತ್ರಿಕ ಸೇತುವೆ ಮೇಲೆ ಏನಂದ ಅಂತ ಮೊದಲನೇ ಸಲ ಕೇಳಿಸ್ತು.